ಟೊರಾಂಟೊದಲ್ಲಿ ನೀರು ತುಂಬುವ ಹಬ್ಬ

ಅಕ್ಟೋಬರ್ 27, 2024, ಭಾನುವಾರ

ಹೊರಡುವ ನಾಲ್ಕು ದಿನ ಮುಂಚೆ ಬೆಂಗಳೂರಿನ ಯಲಹಂಕದಲ್ಲಿ ನೀರು ನುಗ್ಗಿದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಹೊರಗೆ ಕರೆತರುತ್ತಿದ್ದರು. ಟಿ.ವಿ. ಮುಂದೆ ಕೂತು ಸೂಟ್‌ಕೇಸಿಗೆ ಚಟ್ನಿಪುಡಿ ಪೊಟ್ಟಣ ತುರುಕುತ್ತಿದ್ದ ನನ್ನಾಕೆ, "ಸದ್ಯ, ಆರು ತಿಂಗಳಾದರೂ ಈ ಮೋರಿ ಪುರಾಣ ಬಿಟ್ಟು ಮೊಮ್ಮಗನ ಜೊತೆ ಇರ್ರೀ" ಅಂದಳು. ಮೂವತ್ತೆರಡು ವರ್ಷ ಕುಡಿಯುವ ನೀರು, ಒಳಚರಂಡಿ ಅಂತಲೇ ಸವೆದ ಎಂಜಿನಿಯರ್ ನಾನು. ರಿಟೈರ್ ಆದಮೇಲೂ ರಸ್ತೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಕಂಡರೆ ಬಗ್ಗಿ ನೋಡುವ ಚಟ. ಆಗಲಿ ಅಂತ ಒಪ್ಪಿಕೊಂಡೆ.

ಏರ್‌ಪೋರ್ಟಿಗೆ ಅಳಿಯ ಬಂದಿದ್ದ. ಅವರಿಗೆ ಕಾರಿಲ್ಲ. 900ನೇ ನಂಬರಿನ ಬಸ್ಸು ಹಿಡಿದು ಕಿಪ್ಲಿಂಗ್, ಅಲ್ಲಿಂದ ಎರಡನೇ ಲೈನಿನ ಸಬ್‌ವೇ. ದೊಡ್ಡವರಿಗೆ 3 ಡಾಲರ್ 30 ಸೆಂಟ್. ಎರಡು ಗಂಟೆಯೊಳಗೆ ಬಸ್ಸು, ರೈಲು, ಟ್ರಾಮು ಎಷ್ಟು ಬದಲಿಸಿದರೂ ಮತ್ತೆ ಕೊಡಬೇಕಿಲ್ಲ. ಕಾಸಲ್ ಫ್ರ್ಯಾಂಕ್ ಸ್ಟೇಷನ್ ದಾಟಿದ್ದೇ ತಡ, ಸುರಂಗದಲ್ಲಿದ್ದ ರೈಲು ಇದ್ದಕ್ಕಿದ್ದಂತೆ ಬೆಳಕಿಗೆ ಬಂತು. ಕೆಳಗೆ ಆಳದಲ್ಲಿ ಡಾನ್ ನದಿಯ ಕಣಿವೆ. ಇಡೀ ಕಣಿವೆಗೆ ಅರಿಶಿನ ಕುಂಕುಮ ಎರಚಿದ ಹಾಗೆ ಎಲೆಗಳು.

"ಮಾವ, ನಾವೀಗ ಸೇತುವೆಯ ಹೊಟ್ಟೆಯೊಳಗಿದ್ದೀವಿ" ಅಂದ ಅಳಿಯ. ಮೇಲಿನ ಅಂತಸ್ತಿನಲ್ಲಿ ರಸ್ತೆ, ಕೆಳಗಿನದರಲ್ಲಿ ನಮ್ಮ ರೈಲು. ಸೇತುವೆ ಕಟ್ಟಿ ಮುಗಿಸಿದ್ದು 1918ರಲ್ಲಿ. ಮುಂದೆಂದಾದರೂ ರೈಲು ಬೇಕಾದೀತು ಅಂತ ಆಗಲೇ ಕೆಳಗೊಂದು ಅಂತಸ್ತು ಬಿಟ್ಟಿದ್ದರಂತೆ. ರೈಲು ಬಂದದ್ದು 1966ಕ್ಕೆ. ನಲವತ್ತೆಂಟು ವರ್ಷ ಆ ಜಾಗ ಕಾದು ಕೂತಿತ್ತು! ಡಾಂಬರು ಹಾಕಿದ ಎರಡನೇ ವಾರಕ್ಕೆ ಪೈಪ್‌ಲೈನ್‌ಗೆಂದು ಅದೇ ರಸ್ತೆ ಅಗೆಸಿದ ಪಾಪ ನನ್ನ ಲೆಕ್ಕದಲ್ಲೂ ಇದೆ. ಸ್ವಲ್ಪ ಹೊಟ್ಟೆ ಉರಿಯಿತು. ನನ್ನ ಮುಖ ನೋಡಿ ಅಳಿಯ ಸಮಾಧಾನ ಹೇಳಿದ: ಎಗ್ಲಿಂಟನ್ ರಸ್ತೆಯ ಹೊಸ ರೈಲು ಮಾರ್ಗ 2011ರಲ್ಲಿ ಶುರುವಾಗಿದ್ದು, 2020ಕ್ಕೆ ಮುಗಿಯಬೇಕಿತ್ತು, ಇನ್ನೂ ಓಡಿಲ್ಲ. ಆಮೇಲೆ ಊರು ಕೊಂಚ ಹತ್ತಿರದ್ದು ಅನಿಸಿತು.

ವುಡ್‌ಬೈನ್‌ನಲ್ಲಿ ಇಳಿದು ಹತ್ತು ನಿಮಿಷ ನಡಿಗೆ. ಮಹಡಿಯಿರುವ ಇಟ್ಟಿಗೆ ಮನೆ, ಮುಂದೆ ಜಗುಲಿ. ನಾವು ಮುಂಬಾಗಿಲಿಗೆ ಹೋಗಲಿಲ್ಲ. ಪಕ್ಕದ ಓಣಿಯಲ್ಲಿ ಸಣ್ಣ ಬಾಗಿಲು, ಒಳಗೆ ಒಂಬತ್ತು ಮೆಟ್ಟಿಲು ಕೆಳಕ್ಕೆ. ಮಗಳು ಫೋನಿನಲ್ಲಿ 'ಬೇಸ್‌ಮೆಂಟ್' ಅಂತ ಹೇಳಿದ್ದಳು, ನಾನು ಕಾರ್ ಪಾರ್ಕಿಂಗ್ ಪಕ್ಕದ ಮನೆ ಅಂದುಕೊಂಡಿದ್ದೆ. ಕೈ ಎತ್ತಿದರೆ ಚಾವಣಿ ತಾಕುತ್ತದೆ. ಕಿಟಕಿಯಿಂದ ಕಾಣುವುದು ಹುಲ್ಲಿನ ಬೇರು ಮತ್ತು ಓಡಾಡುವವರ ಬೂಟು.

ಸೂಟ್‌ಕೇಸ್ ಇಳಿಸಿದ್ದೇ ಮಗಳು ಓಡಿ ಬಂದಳು. "ಅಪ್ಪ, ನೆಲದ ಮೇಲಿಡಬೇಡಿ." ಆಗ ಗಮನಿಸಿದೆ. ಮಂಚದ ಕಾಲಿಗೆ ಎರಡೆರಡು ಇಟ್ಟಿಗೆ. ಫ್ರಿಜ್ಜಿಗೆ ಮರದ ಹಲಗೆ. ಅಕ್ಕಿ ಮೂಟೆ ಸ್ಟೂಲಿನ ಮೇಲೆ. ಬಚ್ಚಲ ಪಕ್ಕದ ಮೋರಿ ಜಾಲರಿಯ ಹತ್ತಿರ ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಡಬ್ಬಿಯೊಂದು ಕೂತಿತ್ತು. "ಅದೇನೇ?" ಅಂದೆ. "ನೀರು ತಾಗಿದರೆ ಕಿರುಚತ್ತೆ, ತಾತ" ಅಂದ ಏಳು ವರ್ಷದ ಮೊಮ್ಮಗ, ಬೆರಳಿಗೆ ಎಂಜಲು ಹಚ್ಚಿ ತೋರಿಸಿಯೂ ಬಿಟ್ಟ. ಮೇಲಿನ ಮನೆಯವರು ಕಾಲಲ್ಲಿ ನೆಲ ಕುಟ್ಟಿದರು.

ಅಕ್ಟೋಬರ್ 28, ಸೋಮವಾರ

ನಿದ್ದೆಯ ಲೆಕ್ಕ ತಪ್ಪಿ ಬೆಳಗಿನ ಜಾವ ಮೂರಕ್ಕೇ ಎದ್ದೆ. ಓಣಿಯಲ್ಲಿ ಸದ್ದು. ಕಿಟಕಿಯಲ್ಲಿ ಇಣುಕಿದರೆ ನನ್ನ ಮೂಗಿನ ನೇರಕ್ಕೆ ಕಣ್ಣಿಗೆ ಕಪ್ಪುಪಟ್ಟಿ ಕಟ್ಟಿದಂಥ ಮುಖ. ರಕೂನ್. ಹಸಿರು ಕಸದ ಡಬ್ಬಿಯ ಮೇಲೆ ಕೂತು ಬೀಗದ ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸುತ್ತಿತ್ತು, ಗೋದ್ರೇಜ್ ಬೀರುವಿನ ಬೀಗ ತಿರುಗಿಸುವ ಗತ್ತಿನಲ್ಲಿ. ಇವುಗಳ ಕಾಟಕ್ಕೇ 2016ರಲ್ಲಿ ನಗರಸಭೆ ಚಿಲಕವಿರುವ ಹೊಸ ಡಬ್ಬಿ ಹಂಚಿತಂತೆ. ಅದರ ಹಿಂದಿನ ವರ್ಷ ಯಂಗ್ ರಸ್ತೆಯಲ್ಲಿ ಸತ್ತುಬಿದ್ದ ರಕೂನ್ ಒಂದನ್ನು ದಿನವಿಡೀ ಯಾರೂ ಎತ್ತದೆ ಹೋದಾಗ, ಜನ ಅದರ ಸುತ್ತ ಹೂವು, ಮೇಣದಬತ್ತಿ, ಚೌಕಟ್ಟು ಹಾಕಿದ ಫೋಟೊ ಇಟ್ಟು, ಕಾನ್ರಾಡ್ ಅಂತ ಹೆಸರಿಟ್ಟರಂತೆ. ದೂರು ಕೊಡುವ ಈ ರೀತಿ ನನಗೆ ಬಹಳ ಹಿಡಿಸಿತು.

ಮಗಳು ಕೆಲಸಕ್ಕೆ ಹೊರಡುವ ಮುಂಚೆ ಜುಲೈ 16ರ ಕಥೆ ಹೇಳಿದಳು. ಫೋನಿನಲ್ಲಿ ಆಗ "ಸ್ವಲ್ಪ ನೀರು ಬಂದಿತ್ತು" ಅಂದಿದ್ದಳಷ್ಟೆ. ಅವತ್ತು ಏರ್‌ಪೋರ್ಟಿನ ಮಳೆಮಾಪಕದಲ್ಲಿ 97.8 ಮಿಲಿಮೀಟರ್. ಜುಲೈ ತಿಂಗಳಿಡೀ ಬೀಳಬೇಕಾದ್ದಕ್ಕಿಂತ ಹೆಚ್ಚು ಮಳೆ ಒಂದು ಬೆಳಗಿನಲ್ಲಿ ಸುರಿಯಿತು. ಡಾನ್ ನದಿ ಉಕ್ಕಿ ಪಕ್ಕದ ಹೈವೇ ನದಿಯಾಯಿತು, ಕಾರಿನ ಮೇಲೆ ಹತ್ತಿ ನಿಂತವರನ್ನು ದೋಣಿಯಲ್ಲಿ ತಂದರು, ಯೂನಿಯನ್ ಸ್ಟೇಷನ್ನಿಗೇ ನೀರು ನುಗ್ಗಿತು. ನಮ್ಮ ಮನೆಗೆ ಮಾತ್ರ ಅದು ಬಾಗಿಲಿಂದ ಬರಲಿಲ್ಲ. ಬಚ್ಚಲ ಜಾಲರಿಯಿಂದ ಗುಳುಗುಳು ಅಂತ ಮೇಲೆದ್ದಿತು. "ಮಳೆನೀರು ಮಾತ್ರ ಆಗಿದ್ದರೆ ಪರವಾಗಿರಲಿಲ್ಲ ಅಪ್ಪ" ಅಂದು ಸುಮ್ಮನಾದಳು. ನಾನು ಕೇಳಲಿಲ್ಲ, ಗೊತ್ತಿತ್ತು. ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಶೌಚದ ನೀರಿಗೂ ಒಂದೇ ಕೊಳವೆ. ಅದು ತುಂಬಿ ಉಸಿರುಗಟ್ಟಿದಾಗ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಇಲ್ಲಿ ತಗ್ಗಿನಲ್ಲಿದ್ದದ್ದು ನನ್ನ ಮಗಳು ಮಲಗುವ ಕೋಣೆ.

ತಡೆಯುವುದು ಬ್ರಹ್ಮವಿದ್ಯೆಯಲ್ಲ. ಹೊರಗೆ ಹೋಗುವ ನೀರಿಗೆ ತೆರೆದುಕೊಂಡು, ಹಿಂದಕ್ಕೆ ಬರುವ ನೀರಿಗೆ ಮುಚ್ಚಿಕೊಳ್ಳುವ ಒಂದು ಬಾಗಿಲಿನ ವಾಲ್ವ್, ಒಂದು ಸಂಪ್ ಪಂಪ್. (ನಮ್ಮಲ್ಲಿ ಸಂಪ್ ಎಂದರೆ ನೀರು ಕೂಡಿಡುವ ತೊಟ್ಟಿ, ಇಲ್ಲಿ ನೀರನ್ನು ಹೊರಗೆ ಎಸೆಯುವ ಗುಂಡಿ.) ಮನೆಗೆ 3,400 ಡಾಲರ್‌ವರೆಗೆ ನಗರಸಭೆಯ ಸಬ್ಸಿಡಿಯೂ ಇದೆ. ಅರ್ಜಿ ಹಾಕಬೇಕಾದವನು ಮನೆ ಒಡೆಯ. ಆತ ಮೂರು ತಿಂಗಳಿಂದ "ನೋಡೋಣ" ಅನ್ನುತ್ತಿದ್ದಾನಂತೆ.

ಮಧ್ಯಾಹ್ನ ಮೈಮುರಿಯಲು ಹೊರಗೆ ಹೋದಾಗ ರಸ್ತೆಬದಿಯ ಮಳೆನೀರಿನ ಜಾಲರಿಯ ಮೇಲೆ ಮೇಪಲ್ ಎಲೆ ಕಂಬಳಿ ಹಾಸಿದ್ದು ಕಂಡಿತು. ಕೈ ಸುಮ್ಮನಿರಲಿಲ್ಲ. ಓಣಿಯಲ್ಲಿದ್ದ ಕುಂಟೆ ತಂದು ಎಳೆಯತೊಡಗಿದೆ. ಪಕ್ಕದ ಮನೆಯ ಗ್ರೀಕ್ ಅಜ್ಜ ಬೇಲಿಯಾಚೆಯಿಂದ ನೋಡಿ, ಒಂದು ಕಂದು ಕಾಗದದ ಚೀಲ ತಂದು ಹಿಡಿದ. ಇಲ್ಲಿ ಎಲೆಗಳನ್ನು ಕಾಗದದ ಚೀಲದಲ್ಲೇ ಇಡಬೇಕು. ನನ್ನ ಇಂಗ್ಲಿಷ್ ಅವನಿಗೆ, ಅವನದ್ದು ನನಗೆ ಅಷ್ಟಕ್ಕಷ್ಟೆ. ಕೆಲಸ ಮುಗಿದ ಮೇಲೆ ಕೈಹಿಡಿದು ಹಿತ್ತಲಿಗೆ ಕರೆದೊಯ್ದ. ಆಳೆತ್ತರದ ಅಂಜೂರದ ಗಿಡದ ಕೊಂಬೆಗಳನ್ನೆಲ್ಲ ಹಗ್ಗದಿಂದ ಬಿಗಿದು, ಪಕ್ಕದಲ್ಲಿ ಉದ್ದನೆಯ ಗುಂಡಿ ತೋಡಿದ್ದ. ಒಂದು ಕಡೆಯ ಬೇರು ಕತ್ತರಿಸಿ, ಗಿಡವನ್ನು ಆ ಗುಂಡಿಗೆ ಮಲಗಿಸಿ ಮಣ್ಣು ಮುಚ್ಚುತ್ತಾನಂತೆ; ಏಪ್ರಿಲ್‌ನಲ್ಲಿ ಮತ್ತೆ ಎಬ್ಬಿಸುತ್ತಾನಂತೆ. "ಫಾರ್ಟಿ ಇಯರ್ಸ್" ಅಂದ. ಆಮೇಲೆ ನಮ್ಮ ಬೇಸ್‌ಮೆಂಟ್ ಕಿಟಕಿ ತೋರಿಸಿ, "ಜುಲೈ... ವಾಟರ್" ಅಂದು, ಅಂಗೈಯನ್ನು ಮೊಣಕಾಲಿನ ಹತ್ತಿರ ಹಿಡಿದ. ಮಗಳು ನನಗೆ ಹೇಳಿದ್ದು ಪಾದದವರೆಗೆ ಅಂತ.

ಅಕ್ಟೋಬರ್ 29, ಮಂಗಳವಾರ

ಹೂತ ಹೊಳೆ ನೋಡಲು ಹೋದೆ. ನನ್ನಾಕೆ ಬರಲೊಪ್ಪಲಿಲ್ಲ. "ಕಾಣದೇ ಇರೋ ಹೊಳೆ ನೋಡೋಕೆ ನಾನ್ಯಾಕೆ?" ಅಂದಳು. ನ್ಯಾಯವೇ.

ಗ್ಯಾರಿಸನ್ ಕ್ರೀಕ್ ಎಂಬ ಹೊಳೆ ಊರಿನ ಪಶ್ಚಿಮಕ್ಕೆ ಹರಿದು ಫೋರ್ಟ್ ಯಾರ್ಕ್ ಕೋಟೆಯ ಹತ್ತಿರ ಒಂಟಾರಿಯೊ ಸರೋವರ ಸೇರುತ್ತಿತ್ತು. ಮನೆಗಳ ಕೊಳೆ ಬಿದ್ದು ನಾರತೊಡಗಿತು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ತುಂಡುತುಂಡಾಗಿ ಇಟ್ಟಿಗೆಯ ಕೊಳವೆಗೆ ಹಾಕಿ ಮುಚ್ಚಿದರು, 1920ರ ಹೊತ್ತಿಗೆ ಹೊಳೆ ಪೂರ್ತಿ ನೆಲದಡಿ. ಕ್ರಿಸ್ಟಿ ಸ್ಟೇಷನ್ನಿನಲ್ಲಿಳಿದು ದಕ್ಷಿಣಕ್ಕೆ ಕ್ರಾಫರ್ಡ್ ರಸ್ತೆ ಹಿಡಿದು ನಡೆದೆ. ನಕ್ಷೆ ಬೇಡ, ಮನೆಗಳೇ ಜಾಡು ಹೇಳುತ್ತವೆ. ಒಂದರ ಜಗುಲಿ ಎಡಕ್ಕೆ ವಾಲಿದೆ, ಇನ್ನೊಂದರ ಕಿಟಕಿ ಚೌಕಟ್ಟು ಸೊಟ್ಟ. ತುಂಬಿದ ಮಣ್ಣು ನೂರು ವರ್ಷವಾದರೂ ಕೂರುತ್ತಲೇ ಇರುತ್ತದೆ. ಆದರೂ ಆ ವಾಲಿದ ಮನೆಗಳಿಗೆ ಬೆಲೆ ಮಿಲಿಯಗಟ್ಟಲೆ.

ಟ್ರಿನಿಟಿ ಬೆಲ್‌ವುಡ್ಸ್ ಪಾರ್ಕಿನ ಹತ್ತಿರ ರಸ್ತೆ ಸಪಾಟಾಗಿದೆ. ಆದರೆ ಅಲ್ಲೊಂದು ಸೇತುವೆಯಿದೆ ಎನ್ನುವ ಫಲಕ. ಹೊಳೆಯ ಕಣಿವೆಗೆ 1915ರ ಸುಮಾರಿಗೆ ಕಟ್ಟಿದ ಮೂರು ಕಮಾನಿನ ಕಾಂಕ್ರೀಟ್ ಸೇತುವೆ. 1960ರ ದಶಕದಲ್ಲಿ ಸಬ್‌ವೇಗೆ ಅಗೆದ ಮಣ್ಣು ಎಲ್ಲಿ ಹಾಕುವುದು ಅಂತ ಯೋಚಿಸಿದವರು ಇಲ್ಲಿ ತಂದು ಸುರಿದರು. ಸೇತುವೆಯನ್ನು ಕೆಡವಲಿಲ್ಲ. ಹಾಗೇ ನಿಂತಲ್ಲೇ ಹೂತರು. ನಾನು ನಿಂತದ್ದು ಅದರ ಬೆನ್ನ ಮೇಲೆ. ಮೊನ್ನೆ ನಾನು ಬಂದ ರೈಲು ಯಾವ ಸುರಂಗದಲ್ಲಿ ಓಡಿತೋ ಅದರ ಮಣ್ಣೇ ಇದಿರಬೇಕು ಅಂತ ಲೆಕ್ಕ ಹಾಕುತ್ತ ಒಂದು ಬೆಂಚಿನಲ್ಲಿ ಕೂತೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ಸಂಪಂಗಿ ಕೆರೆಯ ಮೇಲೆ ಕಂಠೀರವ ಸ್ಟೇಡಿಯಂ ಕಟ್ಟಿಕೊಂಡ ಊರಿನವನು ಯಾರಿಗೆ ಬುದ್ಧಿ ಹೇಳಲಿ? ತಗ್ಗಿನ ಹುಲ್ಲಿನಲ್ಲಿ ನಾಯಿಗಳು ಚೆಂಡಿನ ಹಿಂದೆ ಓಡುತ್ತಿದ್ದವು. ಆ ತಗ್ಗೇ ಹೊಳೆಯ ಉಳಿದ ಪಳೆಯುಳಿಕೆ.

ಹೊರಡುವಾಗ ಒಂದು ಮ್ಯಾನ್‌ಹೋಲಿನ ಪಕ್ಕ ಬೂಟಿನ ದಾರ ಕಟ್ಟುವವನಂತೆ ಕೂತು ಕಿವಿಗೊಟ್ಟೆ. ಮಳೆ ಬಂದು ಎಷ್ಟೋ ದಿನವಾಗಿತ್ತು. ಆದರೂ ಒಳಗೆ ಹರಿಯುತ್ತಿತ್ತು.

ಇದೇ ಊರು ಇನ್ನೊಂದು ಪಾಠ ಕಲಿತದ್ದೂ ಇದೆ. 1954ರ ಅಕ್ಟೋಬರ್ ಮಧ್ಯದಲ್ಲಿ ಹೇಜಲ್ ಚಂಡಮಾರುತ ಬಂದು 81 ಜನ ಸತ್ತರು. ಹಂಬರ್ ನದಿಯ ದಂಡೆಯ ರೇಮೋರ್ ಡ್ರೈವ್ ಎಂಬ ಒಂದೇ ರಸ್ತೆಯಲ್ಲಿ ಮೂವತ್ತಕ್ಕೂ ಹೆಚ್ಚು. ಆಮೇಲೆ ನದಿಪಾತ್ರಗಳಲ್ಲಿ ಮನೆ ಕಟ್ಟುವುದನ್ನು ನಿಲ್ಲಿಸಿ ಕಣಿವೆಗಳನ್ನು ಪಾರ್ಕು ಮಾಡಿದರು. ಮೊದಲ ದಿನ ಕಂಡ ಅರಿಶಿನ ಕುಂಕುಮದ ಕಾಡು ಉಳಿದದ್ದರಲ್ಲಿ ಅದರ ಪಾಲೂ ಇದೆ.

ಅಕ್ಟೋಬರ್ 30, ಬುಧವಾರ

ಇವತ್ತು ನೀರು ತುಂಬುವ ಹಬ್ಬ. ನಾಳೆ ನರಕ ಚತುರ್ದಶಿ. ಗಂಗೆಯನ್ನು ನೋಡಿಕೊಂಡೇ ಬರೋಣ ಅಂತ ಇಬ್ಬರೂ ಬಸ್ಸಿನಲ್ಲಿ ಕ್ವೀನ್ ರಸ್ತೆಗಿಳಿದು, 501ನೇ ಟ್ರಾಮ್ ಹತ್ತಿ ಪೂರ್ವದ ಕೊನೆಯ ನಿಲ್ದಾಣ ನೆವಿಲ್ ಪಾರ್ಕಿಗೆ ಹೋದೆವು. ಟ್ರಾಮು ಸುತ್ತು ಹೊಡೆದು ತಿರುಗುವ ಜಾಗದ ಎದುರಿಗೇ, ಸರೋವರದ ದಂಡೆಯ ದಿಬ್ಬದ ಮೇಲೆ, ಒಂದು ಅರಮನೆ. "ಯಾವ ರಾಜನದ್ದು?" ಅಂದಳು. ಆರ್. ಸಿ. ಹ್ಯಾರಿಸ್ ನೀರು ಶುದ್ಧೀಕರಣ ಘಟಕ. ಕಟ್ಟಲು ಶುರುವಾದದ್ದು ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, ನೀರು ಹರಿದದ್ದು 1941ರಲ್ಲಿ. ಜನ ಆಗ ಇದನ್ನು ಶುದ್ಧೀಕರಣದ ಅರಮನೆ ಅಂತ ಗೇಲಿ ಮಾಡುತ್ತಿದ್ದರಂತೆ. ಸುಣ್ಣದ ಕಲ್ಲಿನ ಅಲಂಕಾರವಿರುವ ಇಟ್ಟಿಗೆ ಗೋಡೆ, ತಾಮ್ರದ ಮಾಡು, ಗೋಪುರದಂಥ ಕಿಟಕಿಗಳು. ಒಳಗೆ ಅಮೃತಶಿಲೆಯಂತೆ. ನಮಗೆ ಪ್ರವೇಶವಿಲ್ಲ, ಹುಲ್ಲುಹಾಸಿನವರೆಗೆ ಯಾರು ಬೇಕಾದರೂ ಬರಬಹುದು. ಹ್ಯಾರಿಸ್ 1912ರಿಂದ 1945ರವರೆಗೆ ಈ ಊರಿನ ಕಾಮಗಾರಿಗಳ ಕಮಿಷನರ್. ರೈಲಿಗೆ ಮುಂಗಡ ಜಾಗ ಬಿಟ್ಟ ಆ ಸೇತುವೆಯೂ ಇದೇ ಪುಣ್ಯಾತ್ಮನ ಕಾಲದ್ದೇ.

ಕಿಲೋಮೀಟರುಗಟ್ಟಲೆ ದೂರ ಸರೋವರದೊಳಕ್ಕೆ ಕೊಳವೆ ಹಾಕಿ ನೀರೆಳೆಯುತ್ತಾರೆ. ಸಮುದ್ರದ ಹಾಗೆ ಆಚೆ ದಡ ಕಾಣದ ಸಿಹಿನೀರು ಕಣ್ಣೆದುರು ಬಿದ್ದಿದೆ. ಈ ತಿಂಗಳ 16ಕ್ಕೆ ನಮ್ಮಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು: ನೂರು ಕಿಲೋಮೀಟರ್ ದೂರದಿಂದ, ಅದೂ ಎತ್ತರಕ್ಕೆ, ದಿನಕ್ಕೆ 775 ದಶಲಕ್ಷ ಲೀಟರ್ ತಳ್ಳಬೇಕು. ಇಲ್ಲಿನವರಿಗೆ ಇಷ್ಟು ನೀರು ಪಕ್ಕದಲ್ಲೇ ಇದ್ದೂ, ಬೇಡದ ಕಡೆ ಬರುವ ನೀರಿನದ್ದೇ ಚಿಂತೆ. ನನ್ನಾಕೆ ಅಷ್ಟರಲ್ಲಿ ಮರಳಿಗೆ ಇಳಿದು, ಬಗ್ಗಿ, ಬೊಗಸೆ ನೀರು ತಲೆಗೆ ಚಿಮುಕಿಸಿಕೊಂಡು, ತಂದಿದ್ದ ಸಣ್ಣ ಸ್ಟೀಲ್ ಚೊಂಬಿನಲ್ಲಿ ತುಂಬಿಕೊಂಡಳು. ನಾಯಿ ಹಿಡಿದು ಬಂದ ಹೆಂಗಸೊಬ್ಬರು ಸೌಜನ್ಯದಿಂದ, ಕುಡಿಯಬೇಡಿ ಅಂದರು.

ಸಂಜೆ ಅಸಲಿ ಸಮಸ್ಯೆ: ಹಂಡೆ ಎಲ್ಲಿ? ಅವಳ ತವರು ತೀರ್ಥಹಳ್ಳಿಯಲ್ಲಿ ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ಕುಂಕುಮವಿಟ್ಟು, ಹೊಸನೀರು ತುಂಬುತ್ತಾರೆ. ಇಲ್ಲಿ ಮೆಟ್ಟಿಲ ಕೆಳಗಿನ ಕತ್ತಲೆ ಕೋಣೆಯಲ್ಲಿ ಮನೆ ಬಿಸಿಮಾಡುವ ಯಂತ್ರದ ಪಕ್ಕ ನಿಂತಿರುವ ಬೂದುಬಣ್ಣದ, ನನ್ನೆತ್ತರದ ಟ್ಯಾಂಕೇ ಹಂಡೆ. ಅದೂ ಬಾಡಿಗೆಯದು! ಇಲ್ಲಿ ಬಹಳ ಮನೆಗಳಲ್ಲಿ ನೀರು ಕಾಯಿಸುವ ಟ್ಯಾಂಕು ಕಂಪನಿಯ ಸ್ವತ್ತು, ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. "ಹಂಡೆಗೂ ಬಾಡಿಗೆ ಕೊಡೋ ಊರಾ ಇದು?" ಅಂತ ಅವಳು ತಲೆ ಚಚ್ಚಿಕೊಂಡಳು. ಆದರೂ ಬಿಡಲಿಲ್ಲ. ಗ್ರೀಕ್ ಅಜ್ಜನ ಬೇಲಿಯಿಂದ ಚಳಿಗೆ ಕೆಂಪಾದ ಬಳ್ಳಿಯೊಂದು ಕೇಳಿ ತಂದಳು. ಬಿಸಿ ತಾಗದ ಕಡೆ, ತಣ್ಣೀರು ಒಳಹೋಗುವ ಕೊಳವೆಗೆ ಅದನ್ನು ಸುತ್ತಿದಳು. 'ಎಚ್ಚರಿಕೆ' ಎಂಬ ಹಳದಿ ಚೀಟಿಯ ಪಕ್ಕ ಅರಿಶಿನ, ಕುಂಕುಮ. ಚೊಂಬಿನ ಸರೋವರದ ನೀರಿನಲ್ಲಿ ನಾಲ್ಕು ಹನಿ ಪ್ರೋಕ್ಷಣೆ. ಒಂದು ಹನಿ ಆ ಬಿಳಿ ಡಬ್ಬಿಯ ಮೇಲೆ ಬಿತ್ತು. ಅದು ಕಿರುಚಿದ ರಭಸಕ್ಕೆ ಮೊಮ್ಮಗ ಚಪ್ಪಾಳೆ ತಟ್ಟಿದ, ಮಗಳು ಮಾತ್ರ ಅಡುಗೆಮನೆಯಿಂದ ಮುಖ ಬಿಳಿಚಿಕೊಂಡು ಓಡಿಬಂದಳು. ಕೈಯಲ್ಲಿ ಆಗಲೇ ನೆಲ ಒರೆಸುವ ಬಟ್ಟೆ ಇತ್ತು.

ಅಕ್ಟೋಬರ್ 31, ಗುರುವಾರ

ಬೆಳಗ್ಗೆ ಎಣ್ಣೆ ಸ್ನಾನ. ಸಂಜೆ ಹ್ಯಾಲೊವೀನ್. ಒಂದೇ ದಿನ ಎರಡೂ ಬಿದ್ದದ್ದು ಮೊಮ್ಮಗನ ಭಾಗ್ಯ. ಚಳಿ ಅಂತ ಹೆದರಿಸಿದ್ದ ಊರಿನಲ್ಲಿ ಜನ ಅಂಗಿ ತೋಳು ಮಡಚಿಕೊಂಡು ಓಡಾಡುತ್ತಿದ್ದರು.

ಪಟಾಕಿ ಇಲ್ಲ. ಟೊರಾಂಟೊದಲ್ಲಿ ಪರವಾನಗಿ ಇಲ್ಲದೆ ಸುಡಬಹುದಾದದ್ದು ವಿಕ್ಟೋರಿಯಾ ಡೇ ಮತ್ತು ಕೆನಡಾ ಡೇ ದಿನ ಮಾತ್ರ. ಭಾರತೀಯರು ಹೆಚ್ಚಿರುವ ಪಕ್ಕದ ಬ್ರ್ಯಾಂಪ್ಟನ್ನಿನಲ್ಲಂತೂ 2022ರಲ್ಲಿ ಪೂರ್ತಿ ನಿಷೇಧವೇ ಆಯಿತು. ನನಗೆ ಬೇಸರವಾಗಲಿಲ್ಲ, ಮೊಮ್ಮಗನಿಗೂ ಇಲ್ಲ. ಅವನ ಬೇಸರ ಬೇರೆ: ಪಕ್ಕದ ಓಣಿಯ ಬೇಸ್‌ಮೆಂಟಿನ ಬಾಗಿಲಿಗೆ ಯಾವ ಮಗುವೂ ಚಾಕೊಲೇಟ್ ಕೇಳಿಕೊಂಡು ಬರುವುದಿಲ್ಲ. ಹೋದ ವರ್ಷ ಬಟ್ಟಲು ಹಿಡಿದು ಒಂಬತ್ತು ಮೆಟ್ಟಿಲಿನ ಬುಡದಲ್ಲಿ ಎರಡು ಗಂಟೆ ಕೂತಿದ್ದನಂತೆ.

ಇದು ಮೇಲಿನವರಿಗೆ ಹೇಗೋ ಗೊತ್ತಾಗಿ ಸಂಜೆ ಮನೆಯೊಡತಿ ಬಂದು ಜಗುಲಿಗೆ ಕರೆದರು. ಜಾಫ್ನಾ ಕಡೆಯ ತಮಿಳರು. ಅವರದ್ದೂ ದೀಪಾವಳಿ. ಮುರುಕ್ಕಿನ ತಟ್ಟೆ, ಮೆಟ್ಟಿಲ ಮೇಲೆ ಹಣತೆ, ಹಣತೆಯ ಪಕ್ಕ ಕಣ್ಣು ಮೂಗು ಕೊರೆದ ಕುಂಬಳಕಾಯಿ. ಅಸ್ಥಿಪಂಜರಗಳು, ಮಾಟಗಾತಿಯರು, ಒಂದು ಪುಟ್ಟ ಟ್ರಾಮ್ ಎಲ್ಲ ಸಾಲಾಗಿ ಬಂದರು. ಆ ಟ್ರಾಮ್ ಹುಡುಗನಿಗೆ ಮೊಮ್ಮಗ ಎರಡು ಚಾಕೊಲೇಟ್ ಕೊಟ್ಟ.

ಒಡೆಯರ ಪಕ್ಕ ಕೂತು ನಾನು ವಾಲ್ವಿನ ಮಾತೆತ್ತಿದೆ. ಜಗಳಕ್ಕೆ ತಯಾರಾಗಿಯೇ ಕೂತಿದ್ದೆ ಅನ್ನಿ. ಆತ ಬೇಸರಿಸಲಿಲ್ಲ. ಎರಡು ಚಿಲ್ಲರೆ ಬಡ್ಡಿಗೆ ತೆಗೆದ ಮನೆಸಾಲ ಬರುವ ವರ್ಷ ನವೀಕರಣಕ್ಕೆ ಬರುತ್ತದೆ, ಹೊಸ ಬಡ್ಡಿಗೆ ಕಂತು ಎಷ್ಟು ಏರುತ್ತದೋ ಅಂತ ನಿದ್ದೆ ಬರುತ್ತಿಲ್ಲ ಅಂದರು. ಸಬ್ಸಿಡಿ ಬರುವುದು ಕೆಲಸ ಮುಗಿಸಿ ರಸೀದಿ ಕೊಟ್ಟಮೇಲೆ. ನೆಲ ಒಡೆಯುವ ಮೊದಲ ದುಡ್ಡು ಕೈಯಿಂದಲೇ ಹಾಕಬೇಕು. ನಮ್ಮ ಮಗಳು ಕೊಡುವ 1,650 ಡಾಲರ್ ಬಾಡಿಗೆ ನೇರ ಬ್ಯಾಂಕಿಗೆ ಹೋಗುತ್ತದೆ. ನಾನು ಕಾಗದದ ಮೇಲೆ ವಾಲ್ವಿನ ಚಿತ್ರ ಬರೆದು, ಎಲ್ಲಿ ಕೂರಿಸಬೇಕು ಅಂತ ತೋರಿಸಿದೆ. ಮಡಚಿ ಜೇಬಿಗಿಟ್ಟುಕೊಂಡರು.

ನವೆಂಬರ್ 1, ಶುಕ್ರವಾರ

ಜೆರಾರ್ಡ್ ರಸ್ತೆಯ ಇಂಡಿಯಾ ಬಜಾರಿಗೆ ಹೂವು, ಬಾಳೆಲೆ ತರಲು. 1972ರಲ್ಲಿ ಇಲ್ಲೊಂದು ಹಿಂದಿ ಸಿನಿಮಾ ಟಾಕೀಸು ಶುರುವಾಗಿ, ಅದರ ಸುತ್ತ ಬೀಡಾ, ಸೀರೆ, ಮಿಠಾಯಿ ಅಂಗಡಿ ಬೆಳೆದವಂತೆ. ಬಾಳೆಲೆ ಸಿಕ್ಕಿತು, ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಲಕ್ಷ್ಮೀಪೂಜೆ. ಮೊಮ್ಮಗ ಹಳದಿ, ಕೆಂಪು ಕ್ರೇಯಾನಿನಲ್ಲಿ ಬಾವುಟ ಬರೆದು ಫ್ರಿಜ್ಜಿಗೆ ಅಂಟಿಸಿದ, ಇಟ್ಟಿಗೆಯ ಮೇಲಿನ ಫ್ರಿಜ್ಜಿಗೆ.

ಊಟಕ್ಕೆ ಬಂದ ಅಳಿಯನ ಗೆಳೆಯರಲ್ಲಿ ಒಂದೇ ಮಾತು. ಹೋದ ವಾರ, 24ಕ್ಕೆ, ಕಾಯಂ ವಲಸೆಯ 2025ರ ಗುರಿಯನ್ನು ಸರಕಾರ ಐದು ಲಕ್ಷದಿಂದ 3,95,000ಕ್ಕೆ ಇಳಿಸಿದೆ. ವರ್ಕ್ ಪರ್ಮಿಟ್ ಮುಗಿಯುವ ತಿಂಗಳನ್ನು ಒಬ್ಬೊಬ್ಬರೂ ಮಗುವಿನ ವಯಸ್ಸು ಹೇಳಿದ ಹಾಗೆ ಹೇಳುತ್ತಿದ್ದರು. ಬಾಡಿಗೆ ಏರಲು ನಾವೇ ಕಾರಣ ಅಂತ ಕಚೇರಿಯ ಊಟದ ಮೇಜಿನಲ್ಲಿ ಕೇಳಿಸುತ್ತದೆ ಅಂದ ಒಬ್ಬ ಹುಡುಗ, ಹಾಸನದವನು. ಅವನು ಆರು ಜನರ ಜೊತೆ ಒಂದು ಬೇಸ್‌ಮೆಂಟಿನಲ್ಲಿದ್ದಾನೆ.

ನವೆಂಬರ್ 2, ಶನಿವಾರ

ಬಲಿಪಾಡ್ಯಮಿ. ಬಲಿಯನ್ನು ಪಾತಾಳದಿಂದ ಮೇಲಕ್ಕೆ ಕರೆಯುವ ದಿನ ನಾವು ಮೇಲಿನ ಮನೆ ಹುಡುಕಲು ಹೋದದ್ದು ಮಗಳ ತಮಾಷೆ, ನನ್ನದಲ್ಲ.

ಡಾನ್‌ಫೋರ್ತ್ ರಸ್ತೆಯ ಉತ್ತರಕ್ಕೆ ಹಳೆಯ ಅಪಾರ್ಟ್‌ಮೆಂಟು, ಏಳನೇ ಮಹಡಿ, ಒಂದು ಮಲಗುವ ಕೋಣೆ. 2,350 ಡಾಲರ್. ಕಾರಿಡಾರಿನಲ್ಲಿ ನಮ್ಮ ಮುಂದೆ ಹನ್ನೊಂದು ಜನ, ಪ್ರತಿಯೊಬ್ಬರ ಕೈಯಲ್ಲೂ ಫೈಲು: ಸಂಬಳದ ಪತ್ರ, ಕ್ರೆಡಿಟ್ ಸ್ಕೋರು, ಹಿಂದಿನ ಒಡೆಯನ ಶಿಫಾರಸು. ಹೆಣ್ಣು ನೋಡುವ ಶಾಸ್ತ್ರ. ಅಡ್ವಾನ್ಸ್ ಮಾತ್ರ ಒಂದೇ ತಿಂಗಳದ್ದು, ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳದ್ದು ಕೊಟ್ಟು, ಸುಣ್ಣಬಣ್ಣಕ್ಕೆಂದು ಒಂದು ತಿಂಗಳದ್ದು ಕಳೆದುಕೊಂಡವನಿಗೆ ಇದು ಸ್ವರ್ಗ. ಮಗಳು ಹಳೆಯ ಕಟ್ಟಡವನ್ನೇ ಹುಡುಕುವುದಕ್ಕೂ ಕಾರಣವಿದೆ. 2018ರ ನವೆಂಬರ್ 15ರ ನಂತರ ಮೊದಲ ಬಾರಿ ವಾಸಕ್ಕೆ ಬಂದ ಮನೆಗಳಿಗೆ ವರ್ಷದ ಬಾಡಿಗೆ ಏರಿಕೆಗೆ ಮಿತಿಯೇ ಇಲ್ಲ. ಹಳೆಯದಕ್ಕೆ ಈ ವರ್ಷ ನೂರಕ್ಕೆ ಎರಡೂವರೆ.

ಏಳನೇ ಮಹಡಿಯ ಕಿಟಕಿಯಿಂದ ಮಗಳು ಬಹಳ ಹೊತ್ತು ಹೊರಗೆ ನೋಡಿದಳು. ಎಲೆ ಉದುರಿದ ಮರಗಳ ತಲೆ, ದೂರದಲ್ಲಿ ಸಿ. ಎನ್. ಟವರ್. ನಾನು ಅಭ್ಯಾಸಬಲದಿಂದ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಒತ್ತಡ ಚೆನ್ನಾಗಿತ್ತು. "ತಿಂಗಳಿಗೆ ಏಳುನೂರು ಜಾಸ್ತಿ ಅಪ್ಪ" ಅಂದಳು ಲಿಫ್ಟಿನಲ್ಲಿ. ಫೈಲು ಕೊಟ್ಟು ಬಂದೆವು. ನಮ್ಮ ಹಿಂದೆ ಇನ್ನೂ ಎಂಟು ಜನ ನಿಂತಿದ್ದರು.

ನವೆಂಬರ್ 3, ಭಾನುವಾರ

ಬೆಳಗಿನ ಜಾವ ಆ ಡಬ್ಬಿ ಕೂಗಿತು. ಒಂದೇ ಒಂದು ಸಲ, ಕುಂಯ್ ಅಂತ. ಫೋನು ನೋಡಿದೆ, 1.50. ಎದ್ದು ದೀಪ ಹಾಕದೆ, ಬರಿಗಾಲಲ್ಲಿ ಬಚ್ಚಲ ಹತ್ತಿರ ಹೋಗಿ ಅಂಗಾಲನ್ನು ನೆಲಕ್ಕೆ ಒತ್ತಿದೆ. ಒಣಗಿತ್ತು. ಬಗ್ಗಿ ಜಾಲರಿಯ ಸುತ್ತ ಕೈಯಾಡಿಸಿದೆ. ಒಣಗಿತ್ತು. ಮತ್ತೆ ಕುಂಯ್. ಹಿಂದೆ ಮಗಳು ನಿಂತಿದ್ದಳು, ಕೈಯಲ್ಲಿ ಬಟ್ಟೆ ಹಿಡಿದು.

"ನೀರಲ್ಲ ಕಣೆ, ಬ್ಯಾಟರಿ ಇಳಿದಿದೆ."

ಡ್ರಾಯರುಗಳನ್ನೆಲ್ಲ ಜಾಲಾಡಿ, ಕೊನೆಗೆ ಮೊಮ್ಮಗನ ಆಟದ ಕಾರಿನಿಂದ ಬ್ಯಾಟರಿ ಕಿತ್ತು ಹಾಕಿದ್ದಾಯಿತು. ಅವಳು ಒಂದು ಲೋಟ ನೀರು ಕುಡಿದು ಮಲಗಿದಳು. ನಾನೂ ಬಂದು ಹೊದ್ದುಕೊಂಡು ಫೋನು ನೋಡಿದರೆ 1.10. ನಲವತ್ತು ನಿಮಿಷ ಹಿಂದೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಚಳಿಗಾಲಕ್ಕೆಂದು ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುವುದು ಇವತ್ತೇ ಅಂತ ಅಳಿಯ ಹೇಳಿದ್ದ, ಮರೆತಿದ್ದೆ.

"ಏನ್ರೀ ಅದು ಸದ್ದು?" ಅಂದಳು ನನ್ನಾಕೆ ಮಗ್ಗುಲು ಬದಲಿಸುತ್ತ.

"ಇನ್ನೂ ಆಗಿಲ್ಲ, ಮಲಗು" ಅಂದೆ.